ಬಟಾಣಿ ಸುಲಿಯಲು ಅಪ್ಪಣೆ

ವಿದೇಶಿ ವಿದ್ಯಾರ್ಥಿಗಳ ವೀಸಾ ನಿಯಮಗಳನ್ನು ಸರ್ಕಾರ ಬರೆದದ್ದೇ ನಮ್ಮ ಮಾವ ಓದಲಿ ಎಂದು. ಬೇರೆ ಯಾರಾದರೂ ಓದಿದ ಸುಳಿವು ನನಗಂತೂ ಸಿಕ್ಕಿಲ್ಲ. ವಿದ್ಯಾರ್ಥಿಗಳಂತೂ ಓದಿಯೇ ಇಲ್ಲ!

ಮಾವ ಬ್ಯಾಂಕ್ ಅಧಿಕಾರಿಯಾಗಿ ಹಾಸನದಿಂದ ವಿಶಾಖಪಟ್ಟಣಕ್ಕೆ ವರ್ಗವಾಗಿ ಬಂದವರು, ನಿವೃತ್ತರಾದ ಮೇಲೂ ಅದೇ ಊರಿನ ಗಾಜುವಾಕ ಬಡಾವಣೆಯಲ್ಲೇ ಉಳಿದರು. ಹತ್ತಿರದ ಅಚ್ಯುತಾಪುರಂನ ಔಷಧ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿ ನಾನು ಅವರ ಮನೆಯಲ್ಲಿದ್ದೆ. ಮಹಡಿಯ ಕೋಣೆಗೆ ಬಾಡಿಗೆಗೆ ಬಂದವಳು ನೀಮಾ. ತಾಂಜಾನಿಯಾದ ಹುಡುಗಿ, ಫಾರ್ಮಸಿ ವಿದ್ಯಾರ್ಥಿನಿ. ವಿದೇಶಿಯರಿಗೆ ಮನೆ ಕೊಟ್ಟವರು ಒಂದು ಫಾರಂ ತುಂಬಿ ಕಳಿಸಬೇಕಲ್ಲ, ಅದರಲ್ಲಿ ‘ಭಾರತದಲ್ಲಿ ಪರಿಚಿತರು’ ಎಂಬ ಅಂಕಣವಿತ್ತು. ನೀಮಾಗೆ ಇಲ್ಲಿ ಯಾರೂ ಇರಲಿಲ್ಲ. ಖಾಲಿ ಅಂಕಣ ಕಂಡರೆ ಮಾವನಿಗೆ ಮೈಯೆಲ್ಲ ತುರಿಕೆ. ತಮ್ಮ ಹೆಸರನ್ನೇ ಬರೆದುಬಿಟ್ಟರು. (ಆ ದಿನ ನಾನು ಮನೆಯಲ್ಲೇ ಇರಲಿಲ್ಲ. ಅತ್ತೆ ಹೇಳಿದ್ದನ್ನು ನಾನೇ ಕಂಡಂತೆ ಹೇಳುವ ಚಟ ನನಗಿದೆ. ನಂಬುವಷ್ಟು ನಂಬಿ.)

ಹೆಸರು ಬರೆದ ಮೇಲೆ ಹೊಣೆ ಬಂತು, ಹೊಣೆ ಬಂದ ಮೇಲೆ ನಿಯಮ ಓದಿದರು, ಓದಿದ ಮೇಲೆ ಮನೆಯಲ್ಲಿ ಯಾರಿಗೂ ನೆಮ್ಮದಿ ಉಳಿಯಲಿಲ್ಲ. ಓದಲು ಬಂದವರು ಓದಬೇಕು. ಬೇರೆ ಕೆಲಸ ಮಾಡಿ ಸಿಕ್ಕಿಬಿದ್ದರೆ ಓದು ಅರ್ಧಕ್ಕೇ ಬಿಟ್ಟು ವಿಮಾನ ಹತ್ತಬೇಕು. ಮಾವನ ಸಾರಾಂಶ ಇಷ್ಟೇ.

ಒಂದು ಸಂಜೆ ನೀಮಾ ಅತ್ತೆಯ ಜೊತೆ ಕೂತು ಬಟಾಣಿ ಸುಲಿಯುತ್ತಿದ್ದಳು. ಮಾವ ಓಡಿ ಬಂದರು. ಅವಳನ್ನು ಅವರು ಕರೆಯುತ್ತಿದ್ದದ್ದು ತೆಲುಗಿನಲ್ಲಿ, ‘ಹುಡುಗಿ’ ಎಂದು.

“ಅಮ್ಮಾಯಿ, ಬಟಾಣಿ ಕೆಳಗಿಡು!”

“ಯಾಕ್ರೀ, ಹುಳ ಇದೆಯಾ?” ಎಂದರು ಅತ್ತೆ.

“ಸ್ಟೂಡೆಂಟ್ ವೀಸಾ ಇದೆ!”

“ನಾನೇನು ಸಂಬಳ ಕೊಡ್ತಿದೀನಾ?”

“ಸಂಬಳ ಇಲ್ಲದ ಕೆಲಸವೂ ಕೆಲಸವೇ ಕಣೇ!”

ಅತ್ತೆ ಬಟಾಣಿಯ ಬುಟ್ಟಿಯನ್ನು ಮಾವನ ಮುಂದೆ ತಳ್ಳಿದರು. “ಮದುವೆಯಾದಾಗಿನಿಂದ ನಾನು ಹೇಳ್ತಿರೋದೂ ಅದನ್ನೇ. ಈಗ ನೀವು ಸುಲೀರಿ.”

ಮಾವ ಸುಲಿದರು.

ಇನ್ನೊಮ್ಮೆ ನೀಮಾ ಮಾವನ ಮೊಬೈಲ್ ಸರಿಮಾಡಿಕೊಟ್ಟಳು. ಅತ್ತೆ ಖುಷಿಯಿಂದ ಕೇಸರಿಬಾತ್ ತಂದರೆ ಮಾವ ತಟ್ಟೆಗೇ ಕೈ ಅಡ್ಡ ಹಿಡಿಯಬೇಕೆ? “ಕೆಲಸ ಆದ ಮೇಲೆ ಕೊಟ್ಟರೆ ಅದು ಪ್ರತಿಫಲ!” ಕೊನೆಗೆ ಒಂದು ಒಪ್ಪಂದವಾಯಿತು: ತಿಂಡಿ ಭಾನುವಾರ, ಸಹಾಯ ಬುಧವಾರ; ಎರಡಕ್ಕೂ ಸಂಬಂಧವಿಲ್ಲ.

ಕಡಲತೀರ ಸ್ವಚ್ಛಮಾಡುವ ಸ್ವಯಂಸೇವೆಗೆ ಅವಳು ಹೊರಟಾಗ ಮಾವ ಚೀಲ ಕಸಿದುಕೊಂಡರು. “ಇದನ್ನೂ ಅಪ್ಪಣೆ ಕೇಳಿಕೊಂಡೇ ಮಾಡಬೇಕು. ನೀನು ತೋರಿಸು, ನಾನು ಹೆಕ್ಕುತ್ತೀನಿ. ನಾನು ಭಾರತದ ಪ್ರಜೆ!” ಬೆಳಗಿನಿಂದ ಮಧ್ಯಾಹ್ನದವರೆಗೆ ನೀಮಾ ಬೆರಳು ತೋರಿಸಿದಳು, ಪ್ರಜೆ ಬಗ್ಗಿದರು. ಅತ್ಯುತ್ತಮ ಯುವ ಸ್ವಯಂಸೇವಕ ಎಂಬ ಪ್ರಮಾಣಪತ್ರ ಮಾವನಿಗೇ ಬಂತು!

ನಗು ನಿಂತದ್ದು ವಿಜಯವಾಡದ ವಿಷಯ ಬಂದಾಗ. ಅಲ್ಲಿಯ ಆಸ್ಪತ್ರೆಯೊಂದರಲ್ಲಿ ನೀಮಾ ಆರು ವಾರ ಸಂಬಳವಿಲ್ಲದ ತರಬೇತಿ ಮುಗಿಸಬೇಕಿತ್ತು. ಇಲ್ಲದಿದ್ದರೆ ಪದವಿ ಇಲ್ಲ. ಆಸ್ಪತ್ರೆಯವರು ಫೋನಿನಲ್ಲಿ, “ಸಂಬಳವೇ ಇಲ್ಲವಲ್ಲ, ಕಾಗದ ಯಾಕೆ? ಸೋಮವಾರ ಬಂದುಬಿಡಲಿ” ಎಂದರು. ಮಾವ ಬಾಗಿಲಿಗೆ ಅಡ್ಡ ನಿಂತರು. ಕಾಲೇಜಿನ ಪತ್ರ ಬೇಕು, ವಿದೇಶಿಯರ ನೋಂದಣಿ ಕಚೇರಿಯ ಅಪ್ಪಣೆ ಬೇಕು.

“ಅಂಕುಲ್ ಗಾರು, ಸೀಟು ಹೋದರೆ ಡಿಗ್ರಿ ಹೋಗುತ್ತೆ. ನೀವು ಕೊಡ್ತೀರಾ ಡಿಗ್ರಿ?” ಇಂಗ್ಲಿಷು, ತೆಲುಗು, ಅತ್ತೆಯ ಕನ್ನಡ ಮೂರನ್ನೂ ಕಲಸಿ ಕೂಗಿದಳು ನೀಮಾ.

“ವೀಸಾ ಹೋದರೆ ನೀನೇ ಹೋಗ್ತೀಯಲ್ಲ, ಅಮ್ಮಾಯಿ.”

ಅವಳು ಮಹಡಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಒಂದು ವಾರ ಕೆಳಗಿಳಿಯಲಿಲ್ಲ. ಮಾವ ದಿನವೂ ಮೆಟ್ಟಿಲ ಮೇಲೆ ಕೇಸರಿಬಾತ್ ಇಟ್ಟು ಬಂದರು. “ಸಹಾಯವೇ ಮಾಡ್ತಿಲ್ಲವಲ್ಲ, ಇದು ಪ್ರತಿಫಲ ಹೇಗಾಗುತ್ತೆ?” ಎಂದು ನನಗೆ ವಾದ ಬೇರೆ.

ಆಮೇಲೆ ಕಾಲೇಜಿನ ಕಚೇರಿಯ ಬೆಂಚು ಹಿಡಿದರು. ಇವರ ಮುಖ ನೋಡಿ ಸಾಕಾಗಿ ಗುಮಾಸ್ತರು ಪತ್ರ ಕೊಟ್ಟರು. ಅದನ್ನು ಲಗತ್ತಿಸಿದ ಅರ್ಜಿಗೆ ಅಪ್ಪಣೆಯೂ ಬಂತು. ಆಸ್ಪತ್ರೆ ಅಷ್ಟು ದಿನ ಸೀಟು ಉಳಿಸಿಕೊಂಡದ್ದು ಮಾವನ ದೈನಂದಿನ ಫೋನು ನಿಲ್ಲಲಿ ಎಂದೇ ಇರಬೇಕು.

ನಾಲ್ವರೂ ವಿಜಯವಾಡದ ರೈಲು ಹತ್ತಿದೆವು. ಅತ್ತೆಗೆ ಮಂಗಳಗಿರಿ ಸೀರೆಯ ಆಸೆ, ನನಗೆ ರಜೆ, ಮಾವನಿಗೆ ಫೈಲು. ನೀಮಾ ದಾರಿಯುದ್ದಕ್ಕೂ ಕಿಟಕಿ ನೋಡಿದಳು. ಸಿಟ್ಟೋ ಭಯವೋ ನನಗೆ ಗೊತ್ತಾಗಲಿಲ್ಲ. ಈಗ ಗೊತ್ತು ಎಂದರೆ ಸುಳ್ಳಾಗುತ್ತದೆ.

ಆಸ್ಪತ್ರೆಯಲ್ಲಿ ಮತ್ತೊಂದು ಫಾರಂ. ತುರ್ತು ಸಂದರ್ಭದಲ್ಲಿ ಯಾರಿಗೆ ತಿಳಿಸಬೇಕು? ನೀಮಾ ಮಾವನ ಹೆಸರು ಬರೆದಳು. ಪಕ್ಕದಲ್ಲಿ ‘ಸಂಬಂಧ’ ಎಂಬ ಅಂಕಣ. ಅವಳ ಪೆನ್ನು ನಿಂತಿತು. ಆಮೇಲೆ, ನಾನು ದಿನವೂ ಕೂಗುವುದನ್ನು ಕೇಳಿ ಕಲಿತ ಪದವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಳು: ಮಾವ.

ಗುಮಾಸ್ತ ಅವಳನ್ನು ನೋಡಿದ, ಮಾವನನ್ನು ನೋಡಿದ, ನಕ್ಕ. “ನಿಜಮೇನಾ ಸಾರ್?”

ಬ್ಯಾಂಕಿನಲ್ಲಿದ್ದಾಗ ಚೆಕ್ಕಿನಲ್ಲಿ ಒಂದಕ್ಷರ ತಪ್ಪಿದರೂ ವಾಪಸು ಕಳಿಸಿದ ಮನುಷ್ಯ! ಮಾವ ಕನ್ನಡಕ ಹಾಕಿಕೊಂಡರು. ಅಂಕಣವನ್ನು ಒಮ್ಮೆ ಓದಿದರು. ಮತ್ತೊಮ್ಮೆ ಓದಿದರು.

“ಸರಿಯಾಗೇ ಇದೆ,” ಎಂದರು. “ಸೀಲ್ ಹಾಕಿ.”