ಸೋರದ ಕಂಡೆನ್ಸರ್

“ಅಕ್ಕಾ, ಈ ಕಂಡೆನ್ಸರ್ ಪ್ರಳಯ ಆದ್ರೂ ಸೋರಲ್ಲ. ಒಳಗೆ ಹೋದದ್ದು ಒಳಗೇ ಇರತ್ತೆ!” ಎಂದು ಅಳಸಿಂಗ ಹಳೆಯ ವಾಲ್ವ್ ರೇಡಿಯೋದ ಬೆನ್ನು ತಟ್ಟಿದ.

ತಮ್ಮನ ಆವಿಷ್ಕಾರಗಳ ರುಚಿ ತಿರುಮಲಮ್ಮನವರಿಗೆ ಗೊತ್ತಿತ್ತು. ಆದರೆ ರೇಡಿಯೋ ಒಂದು ವಾರದಿಂದ ದುಂಬಿಯಂತೆ ಗುಂಯ್‌ಗುಡುತ್ತಿತ್ತು. ಒಳಗಿನ ಕಂಡೆನ್ಸರುಗಳು ಮುದಿಯಾಗಿ, ವಿದ್ಯುತ್ತನ್ನು ಹಿಡಿದಿಡಲಾರದೆ ಸೋರುತ್ತಿವೆ ಎಂದು ಅವನು ತಾನೇ ಮಾಡಿದ್ದೊಂದನ್ನು ಕೂರಿಸಿದ್ದ. ಇವತ್ತೋ, ರೇಡಿಯೋದಲ್ಲಿ ಹದಿನೆಂಟು ದಿನದ ಕಾವ್ಯವಾಚನಕ್ಕೆ ಮಂಗಳ. ರಕ್ಕಸ ಸಾಯಬೇಕು, ಮಂಗಳ ಕೇಳಬೇಕು, ಆಮೇಲೆಯೇ ಅವರು ಬಾಯಿಗೆ ನೀರು ಹಾಕುವುದು. ಸಕ್ಕರೆ ಪೊಂಗಲ್ ದೇವರ ಮುಂದೆ ಕಾದಿತ್ತು.

ಬೆಳಿಗ್ಗೆ ಏಳೂವರೆಗೆ ಗುಂಡಿ ತಿರುಗಿಸಿದರು. ದೀಪ ಹತ್ತಿತು. ಗುಂಯ್ ಇಲ್ಲ. ಗಮಕಿಯ ದನಿಯೂ ಇಲ್ಲ.

“ಏನೋ ಇದು?”

“ಎಷ್ಟು ನಿಶ್ಶಬ್ದ ನೋಡಕ್ಕಾ.”

“ನಿಶ್ಶಬ್ದ ಕೇಳೋಕೆ ರೇಡಿಯೋ ಯಾತಕ್ಕೋ?”

ಅಳಸಿಂಗ ಮೀಟರ್ ಹಿಡಿದು ನೋಡಿ ಮುಖ ಸಣ್ಣ ಮಾಡಿಕೊಂಡ. ಬಂದ ದನಿಯನ್ನೆಲ್ಲ ಕಂಡೆನ್ಸರ್ ನುಂಗಿ ಕೂತಿತ್ತು. ಅಷ್ಟಕ್ಕೇ ಅದರ ಹಸಿವು ತೀರಲಿಲ್ಲ. ಅಡುಗೆಮನೆಯ ಕುಕ್ಕರ್ ಆವಿ ಚಿಮ್ಮಿತು, ಕೂಗು ಕೇಳಲಿಲ್ಲ. ತಿರುಮಲಮ್ಮನವರ ಬೈಗುಳದ ಅರ್ಧ ಬರೀ ತುಟಿಯಲ್ಲಿ ಕಾಣಿಸಿತು. ಅಳಸಿಂಗನಿಗೆ ಇದೊಂದು ಸೌಕರ್ಯವೇ ಅನ್ನಿಸಿತು.

ಎಂಟಕ್ಕೆ ವಾಚನದ ಹೊತ್ತು ಮುಗಿಯಿತು. ಅವನು ರೇಡಿಯೋ ಆರಿಸಿ, ತುಂಬಿದ್ದನ್ನು ಖಾಲಿ ಮಾಡಲು ಕಂಡೆನ್ಸರಿನ ಎರಡು ಕಾಲಿಗೂ ಸ್ಕ್ರೂಡ್ರೈವರ್ ಅಡ್ಡ ಇಟ್ಟ. ಫಟ್!

ಕೊನೆಗೆ ಹೋದದ್ದು ಮೊದಲು ಬಂತು. ಮೊದಲು ಮಂಗಳ. ಆಮೇಲೆ ಪಟ್ಟಾಭಿಷೇಕ. ಆಮೇಲೆ ರಕ್ಕಸ ಸತ್ತ. ಮುಂದಿನ ಪದ್ಯದಲ್ಲಿ ಎದ್ದು ನಿಂತ. ನಡುವೆ ಕುಕ್ಕರ್ ಮೂರು ಸಲ ಕೂಗಿತು, ಬೈಗುಳದ ಉಳಿದರ್ಧವೂ ಬಂತು. ರಕ್ಕಸ ಗಹಗಹಿಸಿ ನಕ್ಕ. ಅಲ್ಲಿಗೆ ರೇಡಿಯೋ ತಣ್ಣಗಾಯಿತು.

“ಮಂಗಳ ಕೇಳಿದ್ಯಲ್ಲ ಅಕ್ಕಾ, ಊಟ ಮಾಡು.”

“ಆಗ ರಕ್ಕಸ ಸತ್ತಿದ್ದ. ಈಗ ಬದುಕಿ ನಗ್ತಿದಾನೆ. ಅವನನ್ನ ಹಾಗೇ ಬಿಟ್ಟು ಹೇಗೋ ಎಲೆ ಮುಂದೆ ಕೂರ್ಲಿ?”

“ನಾನೇನ್ಮಾಡ್ಲಿ? ಒಳಗೇನೂ ಉಳಿದಿಲ್ಲ.”

“ನಿನ್ನ ಕಿವೀಲಿ ಉಳಿದಿರತ್ತೆ. ಕೊನೆಯಿಂದ ಕೇಳಿದ್ಯಲ್ಲ, ಮೊದಲಿಂದ ಹೇಳು.”

ಅಳಸಿಂಗ ಚಕ್ಕಳಮಕ್ಕಳ ಹಾಕಿ ಕೂತು ಗಂಟಲು ಸರಿಮಾಡಿಕೊಂಡ. ಮರೆತಲ್ಲೆಲ್ಲ ಆಲಾಪನೆ ತುಂಬಿದ. ಬೀದಿಯ ನಾಯಿಗಳು ಜಾಗ ಬದಲಿಸಿದವು. ಮಧ್ಯಾಹ್ನದ ಹೊತ್ತಿಗೆ ರಕ್ಕಸ ಬಿದ್ದ. ಮಂಗಳವೂ ಆಯಿತು.

ತಿರುಮಲಮ್ಮನವರು ಅವನ ಎಲೆಗೆ ಪೊಂಗಲ್ ಬಡಿಸುತ್ತ ಅಂದರು: “ಬಾಣ ಬೇಕೇ ಇರ್ಲಿಲ್ಲ ಕಣೋ. ನಿನ್ನ ರಾಗಕ್ಕೇ ಹೋಗ್ತಿದ್ದ.”