ಕಣಕ್ಕೆ ನುಗ್ಗಿದ ಕರು

ನಾನು ನಿಂತಿದ್ದದ್ದು ಹಿಂದಿನ ಸಾಲಿನ ಎಡತುದಿಯಲ್ಲಿ, ಸೋದರಮಾವನ ಮನೆಯ ಕಾಫಿ ಒಣಗಿಸುವ ಕಣದ ಮೇಲೆ, ಅವರ ಮಗಳು ಸುಧಾಳ ಸೀಮಂತದ ದಿನ, ಊಟಕ್ಕೆ ಎಲೆ ಹಾಕುವುದಕ್ಕೆ ತುಸು ಮುಂಚೆ. ಬಿಸಿಲು ನೆತ್ತಿಯ ಮೇಲಿತ್ತು. ಇಷ್ಟನ್ನು ಮೊದಲೇ ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ಏಕೆಂದರೆ ಅಂದು ತೆಗೆದ ಫೋಟೋ ಈಗ ಮಾವನ ನಡುಮನೆಯ ಗೋಡೆಯಲ್ಲಿದೆ. ಅದರಲ್ಲಿ ನನ್ನ ಅಂಗಿ ಮಾತ್ರ ಆ ದಿನದ್ದು. ತಲೆ ಮೂಡಿಗೆರೆಯಲ್ಲಿ, ನನ್ನ ಪೈಪು ಪಂಪಿನ ಅಂಗಡಿಯ ಮುಂದೆ, ಆಮೇಲೆ ತೆಗೆದದ್ದು.

ನನ್ನ ಮಾವ ದೇವರು ಮಾಡಿ ಕಳಿಸಿದ್ದನ್ನೂ ಒಮ್ಮೆ ಆರಿಸಿ ನೋಡದೆ ಒಪ್ಪಿಕೊಳ್ಳುವವರಲ್ಲ. ಚಿಕ್ಕಮಗಳೂರಿನ ಒಂದು ಕಾಫಿ ಕ್ಯೂರಿಂಗ್‌ ವರ್ಕ್ಸಿನಲ್ಲಿ ನಿವೃತ್ತಿಯವರೆಗೆ ಕೆಲಸ ಮಾಡಿದವರು. ಒಳ್ಳೆಯ ಬೀಜದ ನಡುವಿನಿಂದ ಕರಿಬೀಜ, ಒಡಕು ಬೀಜ, ಹುಳ ಕೊರೆದ ಬೀಜ ಹೆಕ್ಕಿ ತೆಗೆಯುವ ವಿಭಾಗಕ್ಕೆ ಅವರು ಸೂಪರ್‌ವೈಸರ್‌. ಕೆಲಸ ಬಿಟ್ಟು ಊರಿಗೆ ಬಂದು ತಮ್ಮ ಸಣ್ಣ ತೋಟ ನೋಡಿಕೊಂಡಿದ್ದರೂ ಕಣ್ಣು ಕೆಲಸ ಬಿಡಲಿಲ್ಲ. ಉಪ್ಪಿಟ್ಟಿನ ತಟ್ಟೆ ಮುಂದಿಟ್ಟರೆ ಮೊದಲು ಸಾಸಿವೆ ಒಂದು ಕಡೆ, ಕಡಲೆಬೇಳೆ ಒಂದು ಕಡೆ, ಸೀದದ್ದು ತಟ್ಟೆಯ ಅಂಚಿಗೆ. ಆಮೇಲೆ ಊಟ. ಮದುವೆಮನೆಗೆ ಹೋದರೆ ಅಕ್ಷತೆ ಹಾಕುವ ಮುನ್ನ ಅಂಗೈಯಲ್ಲಿ ನುಚ್ಚು ತೆಗೆಯುತ್ತಾರೆ. ಅಷ್ಟರಲ್ಲಿ ತಾಳಿ ಕಟ್ಟಿ ಆಗಿರುತ್ತದೆ. ಎಷ್ಟು ದಂಪತಿಗಳು ಇವರ ಆಶೀರ್ವಾದವಿಲ್ಲದೆ ಸಂಸಾರ ಮಾಡುತ್ತಿದ್ದಾರೋ ಲೆಕ್ಕವಿಟ್ಟವರಿಲ್ಲ.

ಮನುಷ್ಯರಿಗೂ ಅದೇ ದರ್ಜೆ. ಕಾಫಿ ಹಣ್ಣಿನೊಳಗೆ ಜೋಡಿ ಬೀಜ ಇರಬೇಕಾದಲ್ಲಿ ಒಂದೇ ಬೀಜ ದುಂಡಗೆ ಬೆಳೆದರೆ ಅದನ್ನು ಪೀಬಿ ಎನ್ನುತ್ತಾರೆ. ನಾನು ಮದುವೆಯಾಗದವನಾದ್ದರಿಂದ ಅವರ ಬಾಯಲ್ಲಿ ನನ್ನ ಹೆಸರು ಪೀಬಿ.

ಇನ್ನು ಫೋಟೋದ ವಿಷಯ. ಕಣದ ಸಿಮೆಂಟು ಬಿಸಿಲಿಗೆ ಕನ್ನಡಿಯಂತೆ ಹೊಳೆಯುತ್ತದೆ ಎಂಬುದು ಫೋಟೋಗ್ರಾಫರನಿಗೆ ಹೊಳೆಯಲಿಲ್ಲ. ನಮ್ಮನ್ನು ಸೂರ್ಯನಿಗೇ ಮುಖ ಮಾಡಿಸಿ ನಿಲ್ಲಿಸಿದ. ವಾರ ಕಳೆದು ಫೋಟೋ ಬಂದಾಗ ಮಾವ ಅದನ್ನು ಮೇಜಿನ ಮೇಲೆ ಹರಡಿ ದೋಷ ಎಣಿಸತೊಡಗಿದರು.

"ಪೀಬಿ ಕಣ್ಣು ಮುಚ್ಚಿದಾನೆ. ಅಳಿಯಂದಿರು ಸೀನೋಕೆ ತಯಾರಾಗಿದಾರೆ. ಭಾವ ಬಾಯಿ ತೆಗ್ದಿದಾರೆ."

"ಎಲೆ ಹಾಕಾಯ್ತಾ ಅಂತ ಕೇಳ್ತಿದ್ದೆ ಮಾರಾಯ," ಎಂದರು ಜಾವಳಿಯ ದೊಡ್ಡಪ್ಪ. ಇವರು ನಮ್ಮ ದೊಡ್ಡಮ್ಮನ ಗಂಡ, ಆದ್ದರಿಂದ ಮಾವನಿಗೆ ಭಾವ. "ಎಲ್ಲರದ್ದೂ ಹೇಳ್ತೀಯಲ್ಲ, ನೀನೂ ಕ್ಯಾಮೆರಾ ನೋಡಿಲ್ಲ."

"ನಂದು ಪಾಸು," ಎಂದರು ಮಾವ.

ತೀರ್ಪು ಕೊಡುವವನೇ ಆರೋಪಿಯಾದರೆ ಇನ್ನೇನಾದೀತು?

ಬಲತುದಿಯಲ್ಲಿ ಅತ್ತೆ ಇದ್ದರು. ಅವರ ದೋಷವನ್ನು ಯಾರೂ ಎತ್ತಲಿಲ್ಲ. ಎರಡು ವರ್ಷದ ಹಿಂದೆ ಅತ್ತೆಯ ಮುಖದ ಎಡಭಾಗಕ್ಕೆ ಲಕ್ವ ಹೊಡೆದಿತ್ತು. ಔಷಧಿಯಿಂದ ಬಹುಪಾಲು ಸರಿಹೋಯಿತು. ಆದರೆ ನಕ್ಕರೆ ಬಾಯಿಯ ಒಂದು ಬದಿ ಮಾತ್ರ ನಗುತ್ತದೆ. ಅಂದಿನಿಂದ ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡೇ ಮಾತಾಡುತ್ತಿದ್ದರು, ಫೋಟೋ ಎಂದರೆ ಒಳಗೆ ಹೋಗುತ್ತಿದ್ದರು. ಸುಧಾ ಅತ್ತು ಹಟ ಮಾಡಿದ್ದಕ್ಕೆ ಅಂದು ಬಂದು ನಿಂತಿದ್ದರು. ಕ್ಯಾಮೆರಾದವನು ರೆಡಿ ಎನ್ನುತ್ತಲೇ ಮುಖವನ್ನು ಆಚೆ, ಬಾವಿಯ ಕಡೆಗೆ ತಿರುಗಿಸಿಬಿಟ್ಟರು.

ಈಗ ಅವರೇ ಹೇಳಿದರು. "ನನ್ನಿಂದ ಹಾಳಾಯ್ತು. ತುದೀಲೇ ಇದ್ದೀನಲ್ಲ, ನನ್ನನ್ನ ಕತ್ತರಿಸಿಬಿಡಿ. ಗೊತ್ತೂ ಆಗಲ್ಲ."

"ಹುಟ್ಟೋ ಮಗೀಗೆ ಅಜ್ಜಿ ಬೇಡ್ವೇನಮ್ಮಾ?" ಎಂದಳು ಸುಧಾ.

"ಅಜ್ಜಿ ಮನೇಲಿ ಇರ್ತೀನಲ್ಲ. ಗೋಡೆ ಮೇಲೂ ಯಾಕೆ?"

ಮಾವ ಸುಧಾ ಕಾಲೇಜಿನಲ್ಲಿ ಬಳಸಿ ಬಿಟ್ಟುಹೋಗಿದ್ದ ಲ್ಯಾಪ್‌ಟಾಪನ್ನು ಕಪಾಟಿನಿಂದ ಇಳಿಸಿ ಧೂಳು ಒರೆಸಿದರು. ಫೋಟೋ ತಿದ್ದುವ ವಿದ್ಯೆಯನ್ನು ಮೊಬೈಲಿನ ವಿಡಿಯೋ ನೋಡಿ ಕಲಿತರು. ಕಲಿಸುವವನು ಹಿಂದಿಯಲ್ಲಿ ಹೇಳುತ್ತಿದ್ದ. ಮಾವನಿಗೆ ಹಿಂದಿ ಬರುವುದಿಲ್ಲ. ಆದರೂ ಕಲಿತರು.

ಮೊದಲು ಕಣದ ಮೂಲೆಯ ನೀಲಿ ಟಾರ್ಪಾಲು ಹೋಯಿತು. ನಂತರ ನಾಯಿ ಹೋಯಿತು, ಆದರೆ ಒಂದು ಕಾಲು ಉಳಿದು ಅಮ್ಮನ ಸೀರೆಯ ಕೆಳಗಿನಿಂದ ಹೊರಬಂದಿತ್ತು. ದೊಡ್ಡಪ್ಪನ ಮೂಗಿನ ಪಕ್ಕದ ನರುಳ್ಳಿಯನ್ನು ಕರಿಬೀಜವೆಂದು ಹೆಕ್ಕಿ ತೆಗೆದರು. ದೊಡ್ಡಪ್ಪ ಜಾವಳಿಯಿಂದ ಫೋನು ಮಾಡಿ, "ಅದು ಬಂದ ಮೇಲೇ ನಾನು ತೋಟ ತಗೊಂಡಿದ್ದು. ಎಲ್ಲಿತ್ತೋ ಅಲ್ಲಿಗೇ ತಂದಿಡು," ಎಂದರು. ಇಟ್ಟರು. ಇನ್ನೊಂದು ಪಕ್ಕಕ್ಕೆ.

ನನ್ನ ಮುಚ್ಚಿದ ಕಣ್ಣಿಗೆ ಅಮ್ಮನ ಕಣ್ಣನ್ನೇ ತೆಗೆದು ಕೂರಿಸಿದರು. "ಒಂದೇ ಬ್ಲಾಕಿನ ಗಿಡ, ವ್ಯತ್ಯಾಸ ಕಾಣಲ್ಲ," ಎಂಬುದು ಅವರ ಸಮರ್ಥನೆ. ಅಮ್ಮ ಅದನ್ನು ಬಹಳ ಹೊತ್ತು ನೋಡಿದಳು. "ಮದುವೆ ಆಗು ಅಂತ ನಾನು ಇವನನ್ನ ನೋಡೋ ಹಾಗೇ ಇವನು ಊರನ್ನೆಲ್ಲ ನೋಡ್ತಿದಾನೆ," ಎಂದಳು.

ಕೊನೆಗೆ ಅತ್ತೆಯ ಸರದಿ. ಆ ಹೊತ್ತಿಗೆ ನಾನು ಅಲ್ಲೇ ಇದ್ದೆ, ಮೇಜಿನ ಎಡಗಡೆ, ಕೈಯಲ್ಲಿ ಕಾಫಿ ಲೋಟ. ಮಾವ ಮದುವೆಯ ಆಲ್ಬಮ್ಮಿನಿಂದ ಅತ್ತೆಯ ಮುಖ ತೆಗೆದು ಇಲ್ಲಿಗೆ ಜೋಡಿಸಿ ಕರೆದು ತೋರಿಸಿದರು.

"ಚೆನ್ನಾಗಿದಾಳೆ," ಎಂದರು ಅತ್ತೆ. "ನನ್ನ ಸೀರೆ ಯಾಕೆ ಉಟ್ಟಿದಾಳೆ?"

ಮಾವ ಅದನ್ನು ಅಳಿಸಿದರು. ಆಮೇಲೆ ಸುಧಾಳ ಮೊಬೈಲಿನಲ್ಲಿ ಅತ್ತೆಗೆ ಗೊತ್ತಿಲ್ಲದೆ ತೆಗೆದ ಈಚಿನ ಒಂದು ಮುಖ ಹಾಕಿ, ವಾಲಿದ ಬಾಯಿಯನ್ನು ಕೂದಲೆಳೆ ಕೂದಲೆಳೆಯಾಗಿ ಎಳೆದು ನೇರ ಮಾಡಿದರು. ಕೆಲಸ ಅಚ್ಚುಕಟ್ಟಾಗಿತ್ತು. ಅತ್ತೆ ಬಗ್ಗಿ ನೋಡಿದರು. ಸೆರಗು ಬಾಯಿಯ ಮೇಲೇ ಇತ್ತು.

"ಹಾಗಾದ್ರೆ ನನ್ನ ಬಾಯಿ ರಿಜೆಕ್ಟು ಅಂತಾಯ್ತು," ಎಂದರು. ಕೋಪದಿಂದಲ್ಲ. ದೋಸೆ ಹಿಟ್ಟು ಹುಳಿ ಬಂದಿದೆ ಎನ್ನುವ ದನಿಯಲ್ಲಿ. ಒಲೆಯ ಮೇಲೆ ಏನೋ ಇದೆ ಎಂದು ಒಳಗೆ ಹೋದರು. ಒಲೆಯ ಮೇಲೆ ಏನೂ ಇರಲಿಲ್ಲ.

ಮಾವ ಲ್ಯಾಪ್‌ಟಾಪು ಮುಚ್ಚಿದರು. ಅಂದು ರಾತ್ರಿ ಊಟದಲ್ಲಿ ಅನ್ನದೊಳಗಿನ ಮೆಣಸಿನಕಾಳನ್ನು ಹೆಕ್ಕದೆ ಹಾಗೇ ಅಗಿದು ನುಂಗಿದರು. ಇದನ್ನು ನಾನು ಕಣ್ಣಾರೆ ಕಂಡೆ. ನನಗೆ ನಿಜಕ್ಕೂ ಭಯವಾಯಿತು.

ಕೆಲವು ದಿನಗಳ ನಂತರ ನಡುಹಗಲಿನಲ್ಲಿ ಮಾವ ನನ್ನ ಅಂಗಡಿಗೆ ಬಂದರು. "ಹೊರಗೆ ಬಾ. ಬಿಸಿಲಲ್ಲಿ ನಿಲ್ಲು. ಆ ಕಡೆ ನೋಡು."

"ಏನಿದೆ ಆ ಕಡೆ?"

"ಏನೂ ಇಲ್ಲ. ಇರೋ ಹಾಗೆ ನೋಡು."

ಮೊಬೈಲಿನಲ್ಲಿ ನನ್ನ ತಲೆ ತೆಗೆದುಕೊಂಡರು. ಅಂಗಡಿಗೆ ಬಂದಿದ್ದ ಗಿರಾಕಿಯೂ ನಾನು ನೋಡಿದ ಕಡೆಗೆ ನೋಡಿ, ಏನೂ ಕಾಣದೆ, ಪೈಪು ಕೊಳ್ಳದೆ ಹೋದ. ಅಮ್ಮನದ್ದೂ ಹಾಗೇ ಆಯಿತು. ಜಾವಳಿಗೆ ಹೋದಾಗ ದೊಡ್ಡಪ್ಪ ನರುಳ್ಳಿಗೆ ಭರವಸೆ ಪಡೆದ ಮೇಲಷ್ಟೇ ತಲೆ ತಿರುಗಿಸಿದರಂತೆ. ಮಗಳು ಅಳಿಯನ ತಲೆಗಾಗಿ ಜೀಪು ಹಿಡಿದು ಸಂಸೆಗೂ ಹೋದರು. ಬೀಗಿತ್ತಿ ಗಾಬರಿಯಿಂದ ನನ್ನ ಅಮ್ಮನಿಗೆ ಫೋನು ಮಾಡಿದರು. "ನಿಮ್ಮ ತಮ್ಮನವ್ರು ಬಂದಿದಾರೆ. ಹೂಮಳೆ ಶುರುವಾಗಿ ಬಿಸಿಲು ಹೋಗೋದ್ರೊಳಗೆ ಎಲ್ಲರ ತಲೆ ಬೇಕು ಅಂತಿದಾರೆ."

"ಕೊಟ್ಟುಬಿಡಿ," ಎಂದಳು ಅಮ್ಮ. "ಇಲ್ಲಾಂದ್ರೆ ಊಟಕ್ಕೂ ಅಲ್ಲೇ ಕೂರ್ತಾನೆ."

ಮಗುವಿನ ನಾಮಕರಣಕ್ಕೆ ಎಲ್ಲರೂ ಮಾವನ ಮನೆಯಲ್ಲಿ ಮತ್ತೆ ಸೇರಿದೆವು. ನಡುಮನೆಯ ಗೋಡೆಯಲ್ಲಿ ಕಟ್ಟು ಹಾಕಿದ ಫೋಟೋ ಇತ್ತು. ನಾನು ಹೊಸಿಲು ದಾಟಿದವನು ಅಲ್ಲೇ ನಿಂತೆ. ಟಾರ್ಪಾಲು ವಾಪಸು ಬಂದಿತ್ತು. ನಾಯಿ ನಾಲ್ಕೂ ಕಾಲಿನ ಮೇಲೆ ನಿಂತಿತ್ತು. ಅತ್ತೆ ಅಂದು ಹೇಗೆ ತಿರುಗಿದ್ದರೋ ಹಾಗೇ ಇದ್ದರು. ಅವರನ್ನು ಮಾವ ಮುಟ್ಟಿರಲಿಲ್ಲ. ಅವರೊಡನೆ ನಾವೆಲ್ಲರೂ ಬಾವಿಯ ಕಡೆಗೆ ತಿರುಗಿ ನೋಡುತ್ತಿದ್ದೆವು.

ಅತ್ತೆ ಅಡುಗೆಮನೆಯ ಬಾಗಿಲಲ್ಲಿ ಮಗುವನ್ನು ಎತ್ತಿಕೊಂಡು ನಿಂತಿದ್ದರು.

"ಅಲ್ಲ ಮಾರಾಯ, ನಾವೆಲ್ಲ ಏನು ನೋಡ್ತಿದೀವಿ?" ಎಂದರು ದೊಡ್ಡಪ್ಪ.

"ಕಣಕ್ಕೆ ದನ ನುಗ್ಗಿತ್ತಲ್ಲ," ಎಂದರು ಮಾವ. "ಮೊದ್ಲು ನೋಡಿದ್ದು ಇವಳು. ಆಮೇಲೆ ನಾವೆಲ್ಲ ತಿರುಗಿದ್ವಿ."

ದೊಡ್ಡಪ್ಪ ಮಾವನನ್ನು ನೋಡಿದರು, ಅತ್ತೆಯನ್ನು ನೋಡಿದರು, ಮತ್ತೆ ಫೋಟೋ ನೋಡಿದರು. "ಹೌದೌದು. ಒಂದು ಕೋಡು ಮುರಿದಿತ್ತು."

"ಕೆಂದ ಬಣ್ಣ," ಎಂದಳು ಸುಧಾ.

"ಕುತ್ತಿಗೇಲಿ ಹಗ್ಗ ಇತ್ತು, ಕಿತ್ಕೊಂಡು ಬಂದಿದ್ದು," ಎಂದಳು ಅಮ್ಮ.

ನಾನೂ ಏನಾದರೂ ಹೇಳಬೇಕಿತ್ತು. "ಕಾಫಿ ತುಳಿದುಬಿಡ್ತು," ಎಂದೆ.

ಅತ್ತೆ ಒಬ್ಬೊಬ್ಬರ ಮುಖವನ್ನೂ ನೋಡಿದರು. ಎರಡೂ ಕೈಯಲ್ಲಿ ಮಗುವಿತ್ತು, ಸೆರಗು ಹೆಗಲ ಮೇಲೇ ಇತ್ತು.

"ದನ ಅಲ್ಲ, ಕರು," ಎಂದರು. "ಕರುಗೆ ಎಲ್ಲಿಂದ ಬರ್ಬೇಕು ಭಾವ ಕೋಡು? ನಾನೇ ಮೊದ್ಲು ನೋಡಿದ್ದಲ್ವಾ?" ಹಾಗೆಂದು ನಕ್ಕರು. ಬಾಯಿಯ ಒಂದು ಬದಿ ನಕ್ಕಿತು. ಅವರು ಅದನ್ನು ಮುಚ್ಚಿಕೊಳ್ಳಲಿಲ್ಲ.

ಅಂದಿನಿಂದ ಮನೆಗೆ ಬಂದವರು ಫೋಟೋ ನೋಡಿ ಕೇಳಿದರೆ ಅತ್ತೆಯೇ ಮುಂದೆ ನಿಂತು ಕರುವಿನ ಕಥೆ ಹೇಳುತ್ತಾರೆ. ಕರು ಈಗೀಗ ಬಾವಿಕಟ್ಟೆಯನ್ನೂ ಹಾರುತ್ತದೆ.

ಅದನ್ನು ಕಂಡವರ ಹೆಸರು ಹೇಳುತ್ತೇನೆ, ಅನುಮಾನವಿದ್ದರೆ ಕೇಳಬಹುದು. ಜಾವಳಿಯ ದೊಡ್ಡಪ್ಪ ಕಳೆದ ಮಳೆಗಾಲದಲ್ಲಿ ತೀರಿಕೊಂಡರು. ಕೋಡು ಇತ್ತು ಎಂಬ ಮಾತನ್ನು ಕೊನೆಯವರೆಗೂ ಬದಲಿಸಲಿಲ್ಲ. ಉಳಿದಂತೆ ಸಂಸೆಯಲ್ಲಿ ಸುಧಾ ಮತ್ತು ಅವಳ ಗಂಡ ಗಿರೀಶ, ಮೂಡಿಗೆರೆಯಲ್ಲಿ ಅಮ್ಮ ಮತ್ತು ನಾನು, ಎಲ್ಲರಿಗಿಂತ ಮೊದಲು ಕಂಡ ಅತ್ತೆ. ನಾವೆಲ್ಲ ಇದ್ದೇವೆ.

ಮಾವನೂ ಇದ್ದಾರೆ. ಆದರೆ ಅವರು ಸಾಕ್ಷಿಯಲ್ಲ. ಎಲ್ಲರ ತಲೆಯನ್ನು ಇವರು ತೆಗೆದರು, ಇವರದನ್ನು ತೆಗೆದವರು ಯಾರು ಎಂದು ನನಗೊಂದು ಅನುಮಾನವಿತ್ತು. ಮೊನ್ನೆ ನನ್ನ ಮೊಬೈಲಿನಲ್ಲಿ ಉಳಿದಿದ್ದ ಮೊದಲಿನ, ತಿದ್ದದ ಫೋಟೋ ತೆರೆದು ನೋಡಿದೆ. ಅಲ್ಲಿಯೂ ಇದೇ ತಲೆ. ನಾವೆಲ್ಲ ಬಿಸಿಲಿಗೆ ಕಣ್ಣು ಕಿರಿದು ಮಾಡಿ ಕ್ಯಾಮೆರಾದ ಮುಂದೆ ಒದ್ದಾಡುತ್ತಿದ್ದಾಗ ಮಾವ ಪಕ್ಕಕ್ಕೆ ತಿರುಗಿ, ತುಸು ಕಣ್ಣು ತಗ್ಗಿಸಿ, ಅತ್ತೆಯನ್ನು ನೋಡುತ್ತಿದ್ದರು.