ಆರಾಮ್ರಿ, ನೀವು?

ನಮ್ಮ ಕಡೆಯವರಿಗೆಲ್ಲ ಒಂದು ರೋಗವಿದೆ. ಯಾರಾದರೂ “ಆರಾಮ?” ಎಂದು ಕೇಳಿದರೆ ಸಾಕು, “ಆರಾಮ್ರಿ” ಎಂದುಬಿಡುತ್ತೇವೆ. ನನ್ನ ಹೆಂಡತಿಯ ತಮ್ಮ ಕಾಲು ಮುರಿದುಕೊಂಡು ಕೊಪ್ಪಳದ ದವಾಖಾನೆಯಲ್ಲಿ ಮಲಗಿದ್ದಾಗ, ನೋಡಲು ಹೋದ ನನಗೆ ಮೊದಲು ಹೇಳಿದ್ದೇ “ಆರಾಮ ಅದೀನ್ರಿ ಮಾವಾರ” ಎಂದು. ಕಾಲು ಮಾತ್ರ ಮೇಲೆ ತೂಗುತ್ತಿತ್ತು.

ಇದು ಬರೀ ಸೌಜನ್ಯವೆಂದು ತಿಳಿದಿದ್ದೆ. ಅಪಾಯ ಗೊತ್ತಾದದ್ದು ಮೊನ್ನೆ ಮೊನ್ನೆ. ಗಿಣಿಗೇರಾದ ನಮ್ಮ ಸಂತೆ ಬಯಲಿಗೆ ಹಾಸುಗಲ್ಲು, ಗಿಡ, ಬೆಂಚು ಹಾಕಿ ಹೊಸ ಕಳೆ ಕೊಡುತ್ತಾರಂತೆ. ಒಳ್ಳೆಯದೇ. ಆದರೆ ಈಗ ಬಯಲಿನ ಮಗ್ಗುಲಲ್ಲಿ ಹಾಯುವ ಕಾರ್ಖಾನೆ ಲಾರಿಗಳು, ಆ ದಾರಿ ಮುಚ್ಚುವುದರಿಂದ, ಮುಂದೆ ನಮ್ಮ ಓಣಿಯಲ್ಲಿ ಹಾಯಬೇಕು. ನನ್ನ ಹೆಂಡತಿ ನೀಲಮ್ಮ ಈಗಿನ ದೂಳಿಗೇ ರಾತ್ರಿಯೆಲ್ಲ ಎದ್ದು ಕುಳಿತು ಕೆಮ್ಮುತ್ತಾಳೆ. ಕೆಲಸ ಶುರುವಾಗುವ ಮೊದಲು ಇದರಿಂದ ಜನರ ಆರೋಗ್ಯಕ್ಕೆ ಏನಾದೀತು ಎಂದು ಜನರನ್ನೇ ಕೇಳಿ ವರದಿ ಬರೆಯಲು ಸರಕಾರದ ಕಡೆಯಿಂದ ಒಬ್ಬ ಮೇಡಂ ಬಂದರು. ಮನೆಮನೆಯಲ್ಲೂ ಕೇಳಿದರು. ಓಣಿಗೆ ಓಣಿಯೇ ಆರಾಮ ಎಂದಿತು. ಬಿಸಿಲಿಗಿಟ್ಟ ಶ್ಯಾವಿಗೆ ಕಪ್ಪಾಯಿತೆಂದು ದಿನಾ ಲಾರಿಗಳಿಗೆ ಶಾಪ ಹಾಕುವ ಎದುರುಮನೆಯ ಖಾಸಿಂಬಿ ಕೂಡ “ಅಲ್ಲಾನ ದಯಾದಿಂದ ಆರಾಮ್ರಿ” ಎಂದು ಚಹಾ ಕೊಟ್ಟು ಕಳಿಸಿದರು.

ನನಗೆ ಸಿಟ್ಟು ನೆತ್ತಿಗೇರಿತು. ಇನ್ನು ಉಳಿದದ್ದು ಮೇಡಂ ಕರೆದಿದ್ದ ಓಣಿಯವರ ಸಭೆಯೊಂದೇ. ಶಾಲೆಯಲ್ಲಿ ಮಗ್ಗಿ ಬಾಯಿಪಾಠ ಮಾಡಿಸುವ ನಾನು ಮನೆಮನೆ ತಿರುಗಿ ಬಾಯಿಪಾಠ ಮಾಡಿಸಿದೆ. “ಆರಾಮ ಅನಬ್ಯಾಡ್ರಿ. ಕೆಮ್ಮ ಐತಿ ಅನ್ರಿ, ಕಣ್ಣ ಉರೀತಾವ ಅನ್ರಿ.”

“ಬಂದವರ ಮುಂದ ಜಡ್ಡಿನ ಮಾತ ಆಡೂದು ಛಲೋ ಕಾಣ್ತೈತೇನ್ರಿ ಮಾಸ್ತರ?” ಎಂದರು ಖಾಸಿಂಬಿ.

“ಕಾಣದಿದ್ರ ಬಿಡ್ರಿ. ಲಾರಿ ಬರಬಾರದು, ಅಷ್ಟ,” ಎಂದೆ.

ಸಭೆಯ ದಿನ ಮೈಕು ಮೊದಲು ನನ್ನ ಕೈಗೇ ಬಂತು. ಗಂಟಲು ಸರಿಮಾಡಿಕೊಂಡೆ. ಮೇಡಂ ನಗುತ್ತ, “ನಮಸ್ಕಾರ ಸರ್, ಆರಾಮ?” ಎಂದರು.

“ಆರಾಮ್ರಿ ಮೇಡಂ, ನೀವು?”

ಓಣಿ ಬಿದ್ದು ಬಿದ್ದು ನಕ್ಕಿತು. ನನಗೆ ಎಲ್ಲಿ ಮುಖ ಇಟ್ಟುಕೊಳ್ಳಲಿ ಎನ್ನಿಸಿತು. ಅಷ್ಟರಲ್ಲಿ ನೀಲಮ್ಮ ಎದ್ದು ಬಂದು ಮೈಕು ಕಸಿದುಕೊಂಡಳು.

“ಇವರು ಆರಾಮ ಅದಾರ್ರಿ, ಗೊರಕಿ ಹೊಡದು ಮಲಗ್ತಾರ. ಕೆಮ್ಮೂದು ನಾನು. ಲಾರಿ ಓಣ್ಯಾಗ ಬಂದ್ರ ನಾ ಎಲ್ಲಿ ಉಸರಾಡ್ಲಿ?”

ನಗು ನಿಂತಿತು. ಖಾಸಿಂಬಿ ಎದ್ದು ತಮ್ಮ ಕಷ್ಟ ಹೇಳಿದರು, ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ. ಊರ ಹೊರಗೆ ಲಾರಿಗಳಿಗೆ ದಾರಿಯಾಗುವವರೆಗೆ ಕೆಲಸ ಬೇಡವೆಂದು ವರದಿಯಲ್ಲಿ ಬರೆಯಲು ಮೇಡಂ ಒಪ್ಪಿದರು. ಒಪ್ಪದಿದ್ದರೆ ಓಣಿ ಅವರನ್ನು ಬಿಡುತ್ತಲೂ ಇರಲಿಲ್ಲ.

ಹೋದ ವಾರ ನನಗೇ ಜ್ವರ ಬಂದು ನರಳುತ್ತ ಬಿದ್ದಿದ್ದೆ. ನೋಡಲು ಒಂದು ನರಪಿಳ್ಳೆಯೂ ಬರಲಿಲ್ಲ. ನೀಲಮ್ಮ ವಿಚಾರಿಸಿದರೆ ಖಾಸಿಂಬಿ ಅಂದರಂತೆ: “ಮಾಸ್ತರು ಆರಾಮ ಅದಾರಂತ ಮೈಕ್‌ನ್ಯಾಗ ಹೇಳ್ಯಾರಲ್ರಿ.”